ಮಳೆಗೊಂದು ತೋಟ, ಇಬ್ಬನಿಗೊಂದು ತೋಟ: ಅತ್ತಿಗುಂಡಿಯ ಹಿತ್ತಲು ಕಲಿಸಿದ್ದು

ಕೈತೋಟದ ಪುಸ್ತಕಗಳು ಸಾಮಾನ್ಯವಾಗಿ ನೀರು ಹಾಕುವ ವಿಚಾರದಿಂದ ಶುರುವಾಗುತ್ತವೆ. ದಿನಕ್ಕೆಷ್ಟು, ಬೆಳಿಗ್ಗೆಯೋ ಸಂಜೆಯೋ, ಬುಡಕ್ಕೋ ಎಲೆಗೋ ಎಂದೆಲ್ಲ. ಬಯಲುಸೀಮೆಗೆ, ಬೆಂಗಳೂರಿನ ತಾರಸಿಗೆ ಅದು ಸರಿ. ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಯ ದಾರಿ ಹಿಡಿದು, ಕೈಮರ ದಾಟಿ, ತಿರುವುಗಳನ್ನು ಹತ್ತಿ ಅತ್ತಿಗುಂಡಿಗೆ ಬಂದರೆ ಆ ಪುಸ್ತಕ ಮುಚ್ಚಿಡಬಹುದು. ಪೇಟೆಯಲ್ಲಿ ಸುಡುಬಿಸಿಲು ಇದ್ದ ದಿನವೂ ಇಲ್ಲಿ ಮಂಜು. ಹತ್ತಿರದಲ್ಲೇ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ. ಪಡುವಣ ಗಾಳಿ ಹೊತ್ತು ತಂದ ಮೋಡ ಈ ಸಾಲಿಗೆ ತಾಗಿ ನಿಂತರೆ ಹಿತ್ತಲಿನೊಳಗೇ ಬಿಡಾರ ಹೂಡುತ್ತದೆ. ಜೂನಿನಿಂದ ಸೆಪ್ಟೆಂಬರ್ ಮುಗಿಯುವ ತನಕ ನಮಗೆ ಇರುವ ಕೆಲಸ ನೀರು ಹಾಕುವುದಲ್ಲ, ನೀರನ್ನು ಹೊರಗೆ ಕಳಿಸುವುದು. ಫೆಬ್ರವರಿಗೆ ಅದೇ ಪಾತಿ ಬಿರುಕು ಬಿಟ್ಟು ನೀರು ಕೇಳುತ್ತದೆ. ಒಂದೇ ಮಣ್ಣಿನಲ್ಲಿ ವರ್ಷಕ್ಕೆ ಎರಡು ತೋಟ ಮಾಡಬೇಕು, ಒಂದರ ನಿಯಮ ಇನ್ನೊಂದಕ್ಕೆ ಹೊಂದುವುದಿಲ್ಲ.

ಈಚೆಗೆ ಈ ಕಡೆ ಮನೆ ಕಟ್ಟಿಸಿಕೊಂಡು ಬಂದವರು, ಹೋಂಸ್ಟೇ ಮಾಡಿದವರು ನಮ್ಮ ಹಿತ್ತಲಿನ ಬೇಲಿಯಾಚೆ ನಿಂತು ಕೇಳುತ್ತಾರೆ: ನಿಮಗೆ ಮಾತ್ರ ಹೇಗೆ ಬರುತ್ತದೆ? ಬಂದದ್ದರಲ್ಲಿ ಅರ್ಧ ಅತ್ತೆಯವರು ಮಾಡಿಟ್ಟದ್ದು, ಉಳಿದದ್ದು ನೋಡಿ ಕಲಿತದ್ದು. ಅವರಿಗೆ ಬಾಯಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

1. ಮೊದಲು ಬಸಿಗಾಲುವೆ, ಆಮೇಲೆ ಗಿಡ

ಹೊಸಬರು ನರ್ಸರಿಯಿಂದ ಗಿಡ ತಂದಿಟ್ಟುಕೊಂಡು ಎಲ್ಲಿ ನೆಡಲಿ ಎಂದು ಯೋಚಿಸುತ್ತಾರೆ. ಗಿಡ ಕಾಯಲಿ. ಮೇ ತಿಂಗಳಲ್ಲಿ ಒಂದು ಜೋರು ಗುಡುಗುಮಳೆ ಬಂದಾಗ ಕೊಡೆ ಹಿಡಿದು ಹಿತ್ತಲಿನಲ್ಲಿ ನಿಲ್ಲಿ. ಸೂರಿನ ನೀರು ಎಲ್ಲಿ ಬೀಳುತ್ತದೆ, ಎಲ್ಲಿ ಸೇರುತ್ತದೆ, ಎಲ್ಲಿ ನಿಂತುಬಿಡುತ್ತದೆ, ಯಾವ ಮೂಲೆಯಿಂದ ಮಣ್ಣು ಹೊತ್ತು ಕೆಂಪಾಗಿ ಹರಿಯುತ್ತದೆ ಎಂದು ನೋಡಿ. ನಾಲ್ಕು ಕಡ್ಡಿ ನೆಟ್ಟು ಗುರುತು ಮಾಡಿಕೊಳ್ಳಿ. ಪಾತಿ ಎಲ್ಲಿ ಬರಬೇಕು, ಎಲ್ಲಿ ಬರಬಾರದು ಅನ್ನುವುದು ಅಷ್ಟರಲ್ಲೇ ತೀರ್ಮಾನವಾಗಿರುತ್ತದೆ.

ಕಾಲುವೆಯನ್ನು ಇಳಿಜಾರಿಗೆ ನೇರವಾಗಿ ತೋಡಿದರೆ ಮೇಲ್ಮಣ್ಣು ಒಂದೇ ಮಳೆಗಾಲದಲ್ಲಿ ಹಳ್ಳ ಸೇರುತ್ತದೆ. ಪೂರ್ತಿ ಅಡ್ಡಕ್ಕೆ ತೋಡಿದರೆ ನೀರು ಕಟ್ಟಿಕೊಂಡು ಪಾತಿಯನ್ನೇ ಒಡೆಯುತ್ತದೆ. ಗುಡ್ಡಕ್ಕೆ ಅಡ್ಡಲಾಗಿ, ಒಂದು ತುದಿ ಸ್ವಲ್ಪವೇ ತಗ್ಗಿರುವಂತೆ ತೆಗೆಯಬೇಕು. ಪಾತಿ ಒಂದು ಅಡಿಗೆ ಕಡಿಮೆಯಿಲ್ಲದ ಎತ್ತರ, ಎರಡು ಬದಿಯಿಂದಲೂ ನಡುವಿಗೆ ಕೈ ಎಟುಕುವಷ್ಟು ಅಗಲ. ಮಳೆಯಲ್ಲಿ ನೆನೆದ ಪಾತಿಗೆ ಕಾಲಿಟ್ಟರೆ ಮಣ್ಣು ಗಟ್ಟಿಯಾಗಿ ಬೇರಿಗೆ ಉಸಿರೇ ಆಡುವುದಿಲ್ಲ. ಅಂಚಿಗೆ ಕಲ್ಲು ಸಿಕ್ಕರೆ ಕಲ್ಲು, ಇಲ್ಲದಿದ್ದರೆ ಮಜ್ಜಿಗೆಹುಲ್ಲು ಅಥವಾ ಲಾವಂಚ.

ಕಾಲುವೆಯ ನೀರು ಕೊನೆಗೆ ಎಲ್ಲಿಗೆ ಹೋಗಬೇಕು? ಕಾಫಿ ತೋಟದವರು ಗಿಡದ ಸಾಲುಗಳ ನಡುವೆ ತೊಟ್ಟಿಲುಗುಂಡಿ ತೆಗೆಯುತ್ತಾರೆ, ಉದ್ದನೆಯ ಮುಚ್ಚದ ಗುಂಡಿಗಳು. ಮಳೆನೀರು ಅಲ್ಲಿ ತಂಗಿ ಇಂಗುತ್ತದೆ, ಹೊತ್ತು ತಂದ ಮಣ್ಣು, ದರಗು ಎಲ್ಲ ಅಲ್ಲೇ ಕೂರುತ್ತದೆ. ಹಿತ್ತಲಿನ ಕೆಳಗಿನ ಅಂಚಿಗೂ ಇಂಥ ಎರಡು ಗುಂಡಿ ಇರಲಿ. ಮಳೆ ನಿಂತ ಮೇಲೆ ಅದರೊಳಗಿನ ಗೋಡನ್ನು ಬಾಚಿ ಪಾತಿಗೆ ವಾಪಸು ಹಾಕಿದರೆ, ಜೂನಿನಲ್ಲಿ ಹೋದದ್ದು ನವೆಂಬರಿಗೆ ಹಿಂದಿರುಗಿದಂತಾಯಿತು. ನಾನು ದುಡ್ಡು ಕೊಟ್ಟು ತಂದ ಯಾವ ಗೊಬ್ಬರವೂ ಅದಕ್ಕೆ ಸಮ ಬಂದಿಲ್ಲ.

ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ: ಚಂದ ಕಾಣಲೆಂದು ಗುಡ್ಡದ ಬುಡವನ್ನು ಜೇಸಿಬಿಯಿಂದ ಕಡಿದು ಸಮತಟ್ಟು ಮಾಡಬೇಡಿ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ ಕಡೆ ಗುಡ್ಡ ಜಾರಿ ಮನೆಗಳೂ ತೋಟಗಳೂ ಮಣ್ಣುಪಾಲಾದದ್ದನ್ನು ಈ ಜಿಲ್ಲೆ ಮರೆತಿಲ್ಲ. ಹೂವಿನ ಪಾತಿಗೆ ಒಂದು ಆಳು ಅಗಲದ ಮೆಟ್ಟಿಲು ಸಾಕು.

2. ಕ್ಯಾಲೆಂಡರಿನಲ್ಲಿ ತಿಂಗಳು ನೋಡಬೇಡಿ, ಮಳೆ ನೋಡಿ

ಬೀಜದ ಪ್ಯಾಕೆಟ್ಟಿನ ಹಿಂದೆ 'ಜೂನ್-ಜುಲೈ ಬಿತ್ತನೆ' ಎಂದು ಬರೆದಿರುತ್ತದೆ. ಇಲ್ಲಿ ಜುಲೈಯಲ್ಲಿ ಬಿತ್ತಿದ ಬೀಜ ಮಣ್ಣಿನೊಳಗೇ ಕೊಳೆಯುತ್ತದೆ. ನಾವು ಲೆಕ್ಕ ಹಾಕುವುದು ಮಳೆ ನಕ್ಷತ್ರಗಳಲ್ಲಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ಆ ಮಳೆಗೆ ನಾವು ಬೀಜ ಬಿತ್ತುವುದಿಲ್ಲ, ಮಣ್ಣು ಅಗೆದು ಹಟ್ಟಿಗೊಬ್ಬರ ಸೇರಿಸುತ್ತೇವೆ. ಮೇ 25ರ ಸುಮಾರಿಗೆ ಹುಟ್ಟುವ ರೋಹಿಣಿಯಲ್ಲಿ ಸೌತೆ, ಹೀರೆ, ಹಾಗಲ, ಕುಂಬಳ, ಬೆಂಡೆ ನೆಲಕ್ಕೆ ಬೀಳಬೇಕು. ಜೂನ್ 8ರ ಆಸುಪಾಸಿನ ಮೃಗಶಿರೆಗೆ ಬಳ್ಳಿ ನಾಲ್ಕೈದು ಎಲೆ ಬಿಟ್ಟು, ಚಪ್ಪರದ ಕಡೆ ಕೈ ಚಾಚಿರಬೇಕು. ಜೂನ್ 22ರ ಹೊತ್ತಿಗೆ ಆರಿದ್ರೆ ಹಿಡಿದರೆ ಆರದೆ ಹೊಯ್ಯುತ್ತದೆ. ಅಷ್ಟರೊಳಗೆ ಬೇರು ಇಳಿಸಿದ ಗಿಡ ಉಳಿಯುತ್ತದೆ, ಇಳಿಸದ್ದು ಹೋಗುತ್ತದೆ. ಆ ಎರಡು ವಾರದ ಮುಂಗಡವೇ ಇಡೀ ಮಳೆಗಾಲದ ತರಕಾರಿ.

ಪುನರ್ವಸು, ಪುಷ್ಯ, ಆಶ್ಲೇಷ ಅಂದರೆ ಜುಲೈ ಮೊದಲ ವಾರದಿಂದ ಆಗಸ್ಟ್ ನಡುವಿನವರೆಗೆ ಏನನ್ನೂ ಹೊಸದಾಗಿ ಹಾಕಬೇಡಿ. ಕಾಲುವೆ ಕಟ್ಟಿಕೊಂಡಿದೆಯೇ ನೋಡುವುದು, ಬಿದ್ದ ಗೂಟ ಎತ್ತಿ ನಿಲ್ಲಿಸುವುದು, ಇಷ್ಟೇ ಕೆಲಸ. ಊಟಕ್ಕೆ ಆಗ ಕೆಸುವಿನ ಎಲೆ ಇದೆ, ಮರದ ಮೇಲೆ ಮರಗೆಸ ಇದೆ, ಕಳಲೆ ಇದೆ. ಪಾತಿಯಿಂದಲೇ ಎಲ್ಲ ಬರಬೇಕೆಂಬ ಹಟ ಬೇಡ.

ಈ ಮಳೆಯಲ್ಲಿ ಜೇನು ಗೂಡಿನಿಂದ ಹೊರಗೆ ಬರುವುದಿಲ್ಲ. ಕುಂಬಳ, ಹೀರೆ ಹೂ ಬಿಟ್ಟೂ ಕಾಯಿ ಕಚ್ಚದೆ ಉದುರಿದರೆ ಅದು ರೋಗವಲ್ಲ. ಕುಂಬಳದ ಗಂಡುಹೂವನ್ನು ಬೆಳಿಗ್ಗೆಯೇ ಕಿತ್ತು, ಎಸಳು ಹರಿದು, ಬುಡದಲ್ಲಿ ಪುಟ್ಟ ಕಾಯಿ ಇರುವ ಹೆಣ್ಣುಹೂವಿಗೆ ಮೆಲ್ಲಗೆ ಒರೆಸಿ. ಹೀರೆ ಹೂ ಅರಳುವುದು ಸಂಜೆಗೆ, ಅದಕ್ಕೆ ಸಂಜೆಯೇ ಹೋಗಬೇಕು.

3. ಅಂಗಳದ ಮೊದಲ ಹಕ್ಕು ಡೇರೆಗೆ

ಮಲೆನಾಡಿನ ಅಂಗಳದಲ್ಲಿ ಗೌರಿಹಬ್ಬದಿಂದ ದೀಪಾವಳಿಯ ತನಕ ಡೇರೆ ಇಲ್ಲದ ಮನೆ ಕಡಿಮೆ. ಪೇಟೆಯವರು ಡಾಲಿಯಾ ಎನ್ನುವ ಇದು ಮೆಕ್ಸಿಕೋದ ಎತ್ತರದ ಸೀಮೆಯ ಗಿಡ, 1963ರಿಂದ ಆ ದೇಶದ ರಾಷ್ಟ್ರೀಯ ಹೂ. ಅಲ್ಲಿಯೂ ಜೂನಿನಿಂದ ಅಕ್ಟೋಬರಿನವರೆಗೆ ಮಳೆ, ಆಮೇಲೆ ಒಣಹವೆ. ಮಳೆಯಲ್ಲಿ ಬೆಳೆದು ಹೂ ಬಿಟ್ಟು, ಒಣಗಾಲದಲ್ಲಿ ಗೆಡ್ಡೆಯಾಗಿ ನೆಲದೊಳಗೆ ಮಲಗುವುದು ಅದರ ಹುಟ್ಟುಗುಣ. ನಮ್ಮ ಗುಡ್ಡ ಅದಕ್ಕೆ ಪರದೇಶವೆನಿಸದಿರುವುದು ಇದೇ ಕಾರಣಕ್ಕೆ. ಗುಲಾಬಿಗೆ ಇಷ್ಟು ಮಂಜು ಆಗದು, ಎಲೆಗೆ ಕಪ್ಪುಚುಕ್ಕೆ ಹತ್ತಿ ಬೋಳಾಗುತ್ತದೆ. ದುಂಡುಮಲ್ಲಿಗೆ ಸಪ್ಪೆ. ಡೇರೆಗಾದರೋ ಇದೇ ಬೇಕು.

ಗೆಡ್ಡೆ ಕೊಳ್ಳುವಾಗ ಗಾತ್ರ ನೋಡಿ ಮರುಳಾಗಬೇಡಿ. ಗೆಣಸಿನಷ್ಟು ದಪ್ಪಗಿದ್ದರೂ ಹಳೆಯ ಕಾಂಡದ ತುಣುಕು, ಅದರ ಬುಡದಲ್ಲಿ ಕಣ್ಣು ಇಲ್ಲದಿದ್ದರೆ ಅದು ಮೊಳೆಯುವುದಿಲ್ಲ. ಬೆರಳು ಗಾತ್ರದ್ದಾದರೂ ಕಣ್ಣಿದ್ದರೆ ಸಾಕು. ಗೊಂಚಲು ಬಿಡಿಸುವಾಗ ಕತ್ತಿಯಿಂದ ಪ್ರತಿ ಗೆಡ್ಡೆಯ ಕುತ್ತಿಗೆಗೆ ಒಂದು ಚೂರು ಕಾಂಡ ಬರುವಂತೆ ಸೀಳಬೇಕು, ಕೊಯ್ದ ಜಾಗಕ್ಕೆ ಬೂದಿ ಹಚ್ಚಬೇಕು. ಮೇ ತಿಂಗಳಲ್ಲಿ ನೆಟ್ಟರೆ ಮೃಗಶಿರೆಗೆ ಗೇಣುದ್ದ. ಮೂರು-ನಾಲ್ಕು ಜೊತೆ ಎಲೆ ಬಂದಾಗ ಕುಡಿ ಚಿವುಟಿ. ಚಿವುಟಿದ ಕುಡಿಯನ್ನೂ ಎಸೆಯಬೇಡಿ, ಸೂರಿನ ಕೆಳಗೆ ಮರಳುಮಣ್ಣಿನಲ್ಲಿ ಊರಿದರೆ ಬೇರು ಬಿಡುತ್ತದೆ.

ಗೂಟವನ್ನು ಗೆಡ್ಡೆ ನೆಡುವ ದಿನವೇ ಊರಿ. ಗಿಡ ಎದ್ದ ಮೇಲೆ ಊರಹೊರಟರೆ ಗೂಟದ ಮೊನೆ ಗೆಡ್ಡೆಯ ಮೇಲೇ ಇಳಿಯುತ್ತದೆ. ಇಲ್ಲಿ ಜುಲೈಯ ಗಾಳಿ ಮಳೆಗಿಂತ ಕೆಟ್ಟದ್ದು, ಕಾಫಿ ಗಿಡದ ಒಣರೆಂಬೆ ತಡೆಯುವುದಿಲ್ಲ, ಸೊಂಟದೆತ್ತರದ ಗಟ್ಟಿಗೂಟವೇ ಬೇಕು. ಬಾಳೆಪಟ್ಟೆಯಲ್ಲಿ ಸಡಿಲವಾಗಿ ಕಟ್ಟಿ. ಮತ್ತೊಂದು ಸಂಗತಿ ಮಳೆನಾಡಿಗೆ ಮಾತ್ರ ಸಂಬಂಧಿಸಿದ್ದು: ಡೇರೆಯ ಕಾಂಡ ಟೊಳ್ಳು. ಹೂ ಕೊಯ್ಯುವಾಗ ಎಲ್ಲೆಂದರಲ್ಲಿ ಕತ್ತರಿಸಿದರೆ ಆ ಕೊಳವೆಯಲ್ಲಿ ಮಳೆನೀರು ತುಂಬಿಕೊಂಡು ಕೊಳೆ ಗೆಡ್ಡೆಯವರೆಗೆ ಇಳಿಯುತ್ತದೆ. ಗೆಣ್ಣಿಗೆ ಒತ್ತಿಕೊಂಡು, ಓರೆಯಾಗಿ ಕೊಯ್ಯಬೇಕು.

ದೊಡ್ಡ ಜಾತಿಯ ಹೂ ಮಳೆನೀರು ಕುಡಿದು ಭಾರಕ್ಕೆ ಕತ್ತು ಮುರಿದುಕೊಳ್ಳುತ್ತದೆ. ಅಂಥವನ್ನು ಗೊಬ್ಬರದ ಖಾಲಿ ಚೀಲದಲ್ಲಿ ಬೆಳೆಸಿ, ಮೊಗ್ಗು ಬಣ್ಣ ತೋರಿದಾಗ ಜಗುಲಿಗೆ ಎತ್ತಿಡುವುದು ವಾಡಿಕೆ. ನನಗೇನೋ ಸಣ್ಣ, ಚೆಂಡಿನ ಆಕಾರದವು ಹೆಚ್ಚು ಇಷ್ಟ. ಗಾಳಿಗೆ ತಲೆ ಹಾಕಿ ಉಳಿಯುವುದೂ ಅವೇ. ಹೆಂಗಸರು ಮದುವೆಮನೆಯಲ್ಲಿ ತಟ್ಟೆಯಗಲದ ಡೇರೆಯ ಬಗ್ಗೆಯೇ ಮಾತಾಡುತ್ತಾರೆ ಅನ್ನುವುದು ಬೇರೆ ವಿಚಾರ.

ಜನವರಿಗೆ ಗಿಡ ಒಣಗುತ್ತದೆ. ಯುರೋಪಿನಲ್ಲಿ ಹಿಮಕ್ಕೆ ಹೆದರಿ ಗೆಡ್ಡೆ ಕೀಳುತ್ತಾರೆ, ನಾವು ಕೀಳುವುದು ಮುಳ್ಳುಹಂದಿಗೆ ಹೆದರಿ. ಕಿತ್ತ ಗೆಡ್ಡೆಯನ್ನು ತೊಳೆಯದೆ ನೆರಳಲ್ಲಿ ಆರಿಸಿ, ಒಣಮರಳಿನಲ್ಲಿ ಹೂತು, ಬುಟ್ಟಿಗೆ ಹೆಸರಿನ ಚೀಟಿ ಹಾಕಿ ಅಟ್ಟದಲ್ಲಿಡಿ. ಚೀಟಿ ಹಾಕದಿದ್ದರೆ ಬಿಳಿಯದು ಯಾವುದು, ಬದನೆ ಬಣ್ಣದ್ದು ಯಾವುದು ಎಂದು ಗೌರಿಹಬ್ಬದ ತನಕ ಕಾಯಬೇಕು.

4. ಬಿಸಿಲು ಬೀಳುವಲ್ಲಿ ತರಕಾರಿ, ಉಳಿದ ಕಡೆ ಹೂ

ಇಲ್ಲಿ ನೀರು ಧಾರಾಳ, ಗೊಬ್ಬರಕ್ಕೂ ಕೊರತೆಯಿಲ್ಲ. ಕಡಿಮೆ ಇರುವುದು ಬೆಳಕು. ಸಿಲ್ವರ್ ಓಕಿನ ನೆರಳು, ಗುಡ್ಡದ ನೆರಳು, ಮೋಡದ ನೆರಳು. ಹಾಗಾಗಿ ಹಿತ್ತಲಿನಲ್ಲಿ ಮಧ್ಯಾಹ್ನದವರೆಗೆ ಬಿಸಿಲು ತಾಗುವ ತುಂಡು ಯಾವುದಿದೆಯೋ ಅದನ್ನು ಗುಲಾಬಿಗೆ ಬಿಟ್ಟುಕೊಡಬೇಡಿ. ಬೀನ್ಸು, ಸೌತೆ, ಬೆಂಡೆಗೆ ಇಡಿ. ನೆರಳಿನಲ್ಲಿ ಆಂಥೂರಿಯಂ, ಬಿಗೋನಿಯ, ಕೆಸು, ಒಂದೆಲಗ ನೆಮ್ಮದಿಯಾಗಿರುತ್ತವೆ. ಏಪ್ರಿಲ್-ಮೇ ತಿಂಗಳಲ್ಲಿ ತೋಟದ ಮರಗಸಿ ಆಗುವಾಗ ಹಿತ್ತಲಿಗೆ ಬಾಗಿದ ಕೊಂಬೆಯನ್ನೂ ತೆಗೆಸಿಬಿಡಿ.

ಗಾಳಿಗೆ ಗೋಡೆ ಕಟ್ಟಬಾರದು. ಗಟ್ಟಿಗೋಡೆಗೆ ಅಪ್ಪಳಿಸಿದ ಗಾಳಿ ಮೇಲೆ ಹಾರಿ ಆಚೆ ಬದಿಯಲ್ಲಿ ಸುಳಿಯಾಗಿ ಬೀಳುತ್ತದೆ. ದಾಸವಾಳದ ಬೇಲಿ ಗಾಳಿಯನ್ನು ಸೋಸಿ ಬಿಡುತ್ತದೆ, ದೇವರಿಗೆ ಹೂವೂ ಆಯಿತು.

5. ಮಣ್ಣಿನ ಹುಳಿಯನ್ನು ಹೈಡ್ರೇಂಜಿಯ ಹೇಳುತ್ತದೆ

ಎಸ್ಟೇಟ್ ಬಂಗಲೆಗಳಿಂದ ರೆಂಬೆ ರೆಂಬೆಯಾಗಿ ಊರಮನೆಗಳಿಗೆ ಹರಡಿದ ಗಿಡ ಹೈಡ್ರೇಂಜಿಯ. ಹುಳಿಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಗುವುದರಿಂದ ಹೂ ನೀಲಿ, ಸುಣ್ಣದ ಅಂಶವಿರುವ ಕಡೆ ಅದೇ ಗಿಡದ ಹೂ ಗುಲಾಬಿ ಬಣ್ಣ. ನಮ್ಮ ಕಡೆ ಬೇಲಿಬದಿಯಲ್ಲಿ ಅಚ್ಚ ನೀಲಿ ಇದ್ದು, ಸುಣ್ಣ ಬಳಿದ ಹಳೆ ಗೋಡೆಯ ಬುಡದಲ್ಲಿ ಗುಲಾಬಿಗೆ ತಿರುಗಿರುವುದನ್ನು ಕಾಣಬಹುದು. ಇಷ್ಟು ಮಳೆ ಬೀಳುವಲ್ಲಿ ಮಣ್ಣಿನ ಸುಣ್ಣದಂಶ ಪ್ರತಿ ವರ್ಷ ತೊಳೆದು ಹೋಗುತ್ತಲೇ ಇರುತ್ತದೆ.

ಕಾಫಿಗೆ ಸ್ವಲ್ಪ ಹುಳಿ ನಡೆಯುತ್ತದೆ. ಎಲೆಕೋಸು, ಬಟಾಣಿ, ಬೀಟ್‌ರೂಟಿಗೆ ನಡೆಯುವುದಿಲ್ಲ. ಕಾಫಿ ತೋಟದ ಮಣ್ಣನ್ನು ಪರೀಕ್ಷೆಗೆ ಕಳಿಸುವಾಗ ಹಿತ್ತಲಿನದ್ದೂ ಒಂದು ಪೊಟ್ಟಣ ಕಟ್ಟಿ ಕಳಿಸಿದರೆ ಎಷ್ಟು ಸುಣ್ಣ ಬೇಕೆಂಬುದಕ್ಕೆ ಊಹೆ ಮಾಡಬೇಕಿಲ್ಲ. ಸುಣ್ಣವನ್ನೂ ಹಟ್ಟಿಗೊಬ್ಬರವನ್ನೂ ಒಟ್ಟಿಗೆ ಹಾಕಬಾರದು, ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಮೊದಲು ಸುಣ್ಣ, ಎರಡು-ಮೂರು ವಾರ ಕಳೆದು ಗೊಬ್ಬರ.

ಗೊಬ್ಬರದ ಮಾತು ಬಂದದ್ದಕ್ಕೆ ಇದೂ ಇರಲಿ. ಪಲ್ಪರ್‌ನಿಂದ ಬಂದ ಹಸಿ ಕಾಫಿಸಿಪ್ಪೆಯನ್ನು ನೇರ ಗಿಡಕ್ಕೆ ಹಾಕಬೇಡಿ. ಸಗಣಿ, ಸೊಪ್ಪಿನ ಜೊತೆ ಗುಂಡಿಯಲ್ಲಿ ಕಳಿತ ಮೇಲೆ ಒಳ್ಳೆಯ ಪೊಟ್ಯಾಷ್ ಗೊಬ್ಬರ. ಸಿಲ್ವರ್ ಓಕಿನ ಎಲೆ ಬೇಗ ಕೊಳೆಯುವುದಿಲ್ಲ, ಅದು ಬೇಸಿಗೆಯ ಮುಚ್ಚಿಗೆಗೆ ಸರಿ. ಗೊಬ್ಬರದ ಗುಂಡಿಗೆ ಹಾಲುವಾಣದ ಸೊಪ್ಪು.

6. ಟೊಮೆಟೊ ಆಸೆ ಇದ್ದರೆ ಅದಕ್ಕೊಂದು ಸೂರು ಕಟ್ಟಿ

ಮಳೆಗಾಲದಲ್ಲಿ ಬಯಲಿನಲ್ಲಿ ಟೊಮೆಟೊ ಬೆಳೆಯುತ್ತೇನೆಂದು ಹೊರಟವರಿಗೆ ಅಂಗಮಾರಿ ರೋಗ ಒಂದೇ ವಾರದಲ್ಲಿ ಬುದ್ಧಿ ಹೇಳುತ್ತದೆ. ನಾಲ್ಕು ಗೂಟದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಓರೆಯಾಗಿ ಎಳೆದು, ಬದಿಗಳನ್ನು ತೆರೆದೇ ಬಿಟ್ಟರೆ ಹತ್ತು ಗಿಡಕ್ಕೆ ಸಾಕು. ಎಲೆ ಒಣಗಿರಬೇಕು, ಗಾಳಿ ಆಡಬೇಕು, ಗುಟ್ಟು ಅಷ್ಟೇ.

ಎಲೆ ಚೆನ್ನಾಗಿದ್ದೂ ಗಿಡ ಹಗಲು ಹೊತ್ತಿನಲ್ಲಿ ಹಸಿರಾಗಿಯೇ ಸೊರಗಿ ಬಿದ್ದರೆ ಅದು ಬೇರೆ ಕಾಯಿಲೆ. ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ನೀರಿಗೆ ಅದ್ದಿ ಹಿಡಿಯಿರಿ. ಹಾಲಿನ ಎಳೆಯಂಥದ್ದು ಕೆಳಗಿಳಿದರೆ ಮಣ್ಣಿನ ಬ್ಯಾಕ್ಟೀರಿಯಾದಿಂದ ಬರುವ ಸೊರಗುರೋಗ. ಔಷಧಿಯಿಲ್ಲ. ಆ ಪಾತಿಯಲ್ಲಿ ಕೆಲವು ವರ್ಷ ಟೊಮೆಟೊ, ಬದನೆ, ಮೆಣಸು, ಆಲೂಗೆಡ್ಡೆ ಯಾವುದೂ ಬೇಡ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಈ ಸೊರಗುರೋಗವನ್ನೂ ಎಲೆಮುರುಟನ್ನೂ ತಡೆಯುತ್ತದೆ. ಬದನೆಗೆ ಇನ್ನೂ ಸುಲಭದ ಉಪಾಯವಿದೆ: ಕಾಡುಸುಂಡೆಯ ಬುಡಕ್ಕೆ ಬದನೆಯ ಕುಡಿ ಕಸಿ ಕಟ್ಟುವುದು. ಸುಂಡೆಯ ಬೇರಿಗೆ ಈ ರೋಗ ಅಷ್ಟು ಸುಲಭಕ್ಕೆ ಹತ್ತುವುದಿಲ್ಲ, ಗಿಡ ವರ್ಷಗಟ್ಟಲೆ ಕಾಯಿ ಕೊಡುತ್ತದೆ.

ಇಷ್ಟೆಲ್ಲ ತಾಪತ್ರಯ ಬೇಡವೆಂದರೆ ಸೀಮೆಬದನೆ. ಮೊಳಕೆ ಬಂದ ಇಡೀ ಕಾಯನ್ನೇ ಅರ್ಧ ಹೂಳಿ, ಮೇಲೊಂದು ಚಪ್ಪರ. ಕೊನೆಗೆ ಅಕ್ಕಪಕ್ಕದವರು ನಮ್ಮನ್ನು ಕಂಡರೆ ದಾರಿ ಬದಲಿಸುವಷ್ಟು ಕಾಯಿ.

7. ಹಣ್ಣಿನ ಮರ: ಏನು ನೆಡಬಾರದು ಎನ್ನುವುದು ಮುಖ್ಯ

ತೆಂಗು, ಅಡಿಕೆ, ಮಾವು ಈ ಎತ್ತರದ ಮರಗಳಲ್ಲ. ಮಾವು ಬೆಳೆಯುತ್ತದೆ, ಹೂವೂ ಬಿಡುತ್ತದೆ. ಮಂಜಿಗೆ ಹೂ ಕಪ್ಪಾಗಿ ಉದುರುತ್ತದೆ. ಊರಿನ ನೆನಪಿಗೆಂದು ನೆಡುವವರು ನೆರಳಿಗೆಂದೇ ನೆಡಲಿ. ಕಿತ್ತಳೆ, ಚಕ್ಕೋತ, ಹೇರಳೆ, ಸೀಬೆ, ಪನ್ನೇರಳೆ, ಪ್ಯಾಶನ್ ಫ್ರೂಟ್, ಮರಟೊಮೆಟೊ ಇವು ಇಲ್ಲಿನವು ಎನ್ನಬಹುದು. ಬಾಳೆಯನ್ನು ಬಚ್ಚಲ ನೀರು ಹೋಗುವ ದಾರಿಯಲ್ಲಿ ಹಾಕಿ.

ಎಲ್ಲರೂ ಕೇಳುವುದು ಬಟರ್‌ಫ್ರೂಟ್ ಬಗ್ಗೆ. ಅದರ ಬೇರಿಗೆ ನೀರು ನಿಂತರೆ ಕೊಳೆರೋಗದ ಶಿಲೀಂಧ್ರ ಹತ್ತಿ, ದೊಡ್ಡ ಮರವೂ ತುದಿಯಿಂದ ಒಣಗುತ್ತ ಬರುತ್ತದೆ. ಗುಂಡಿ ತೆಗೆದು ನೆಡುವುದು ಬಿಟ್ಟು ಮಣ್ಣು ಗುಡ್ಡೆ ಹಾಕಿ ಅದರ ಮೇಲೆ ನೆಡಬೇಕು. ಇನ್ನು ಒಂಟಿ ಮರ ಕಾಯಿ ಬಿಡುತ್ತದೆಯೇ ಎಂಬ ಪ್ರಶ್ನೆ. ಬಟರ್‌ಫ್ರೂಟಿನ ಒಂದೊಂದು ಹೂವೂ ಎರಡು ಬಾರಿ ಅರಳುತ್ತದೆ, ಮೊದಲು ಹೆಣ್ಣಾಗಿ, ಮಾರನೆ ದಿನ ಗಂಡಾಗಿ. ಒಂದು ಬಗೆಯ ಮರದಲ್ಲಿ ಬೆಳಿಗ್ಗೆ ಹೆಣ್ಣು, ಮರುದಿನ ಮಧ್ಯಾಹ್ನ ಗಂಡು. ಇನ್ನೊಂದು ಬಗೆಯದ್ದರಲ್ಲಿ ಮಧ್ಯಾಹ್ನ ಹೆಣ್ಣು, ಮರುದಿನ ಬೆಳಿಗ್ಗೆ ಗಂಡು. ಎರಡೂ ಬಗೆ ಹತ್ತಿರವಿದ್ದರೆ ಕಾಯಿ ಗೊಂಚಲು ಗೊಂಚಲು. ಚಳಿ ಹವೆಯಲ್ಲಿ ಈ ಸಮಯಪಾಲನೆ ಹಿಂದುಮುಂದಾಗುವುದರಿಂದ ಒಂಟಿ ಮರವೂ ಬರಿಗೈಯಲ್ಲಿ ಕಳಿಸುವುದಿಲ್ಲ. ಹಾಗಿದ್ದೂ ಜಾಗವಿದ್ದರೆ ಎರಡು ಕಸಿಗಿಡ ಬೇರೆ ಬೇರೆ ಬಗೆಯವನ್ನು ಕೇಳಿ ತನ್ನಿ. ಮೂಡಿಗೆರೆಯ ತೋಟಗಾರಿಕೆ ಕಾಲೇಜಿನ ಕಡೆ ವಿಚಾರಿಸಬಹುದು.

ಹಣ್ಣು ಬಂದ ಮೇಲೆ ಮಂಗ ಬರುತ್ತದೆ, ಕೆಂದಳಿಲು ಬರುತ್ತದೆ. ಪಟಾಕಿ, ಬೆದರುಬೊಂಬೆ ಯಾವುದನ್ನೂ ಅವು ಎರಡು ದಿನಕ್ಕಿಂತ ನಂಬುವುದಿಲ್ಲ. ಮರದ ಮೇಲಿನ ಅರ್ಧ ಅವುಗಳದ್ದು ಎಂದು ಬಿಟ್ಟು, ಕೆಳಗಿನ ರೆಂಬೆಯ ಕಾಯಿಗೆ ಹಳೇ ಸೀರೆಯ ಚೀಲ ಕಟ್ಟುತ್ತೇವೆ. ಬೇಲಿಯಂಚಿನಲ್ಲಿ ಸುವರ್ಣಗೆಡ್ಡೆ, ಅರಿಶಿನ, ಸೂಜಿಮೆಣಸು ಹಾಕಿ. ಮಂಗ ಅವನ್ನು ಅಷ್ಟಾಗಿ ಮುಟ್ಟುವುದಿಲ್ಲ.

8. ಸಿಂಬಳದ ಹುಳುವಿಗೆ ಟಾರ್ಚು

ಬೂದಿ ಹಾಕಿ, ಮೊಟ್ಟೆಚಿಪ್ಪು ಹಾಕಿ ಎಂದು ಹೇಳುವವರ ಊರಲ್ಲಿ ಇಂಥ ಮಳೆ ಇರುವುದಿಲ್ಲ. ಬೂದಿ ಹತ್ತು ನಿಮಿಷದಲ್ಲಿ ಕಾಲುವೆಯಲ್ಲಿರುತ್ತದೆ. ರಾತ್ರಿ ಊಟವಾದ ಮೇಲೆ ಟಾರ್ಚು ಹಿಡಿದು ಹೋಗಿ, ಚಿಮಟದಿಂದ ಹೆಕ್ಕಿ ಉಪ್ಪುನೀರಿಗೆ ಹಾಕಿ. ಮಳೆಗಾಲ ಪೂರ್ತಿ ಗಿಡದ ಬುಡದಲ್ಲಿ ದರಗು ಮುಚ್ಚಿಗೆ ಬೇಡ, ಅದೇ ಆ ಹುಳುವಿನ ಮನೆ. ಕಾಲಿಗೆ ಇಂಬಳ ಹತ್ತುತ್ತದೆ, ಸುಣ್ಣ-ಹೊಗೆಸೊಪ್ಪು ಜೊತೆಗಿರಲಿ.

9. ಮೈಲುತುತ್ತದ ಬಕೆಟ್ ಮೇ ತಿಂಗಳಲ್ಲಿ

ಬೋರ್ಡೋ ದ್ರಾವಣ ಮಲೆನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಅದನ್ನು ಬಳಕೆಗೆ ತಂದರು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾದದ್ದೂ ಅವರ ಕಾಲದಲ್ಲೇ. ಬೋರ್ಡೋ ದ್ರಾವಣದ ಹುಟ್ಟಿನ ಕಥೆ ನಮ್ಮ ರಸ್ತೆಬದಿಯ ತೋಟಗಳಿಗೆ ಚೆನ್ನಾಗಿ ಒಪ್ಪುತ್ತದೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ರಸ್ತೆಯಂಚಿನ ಬಳ್ಳಿಗೆ ಮೈಲುತುತ್ತ-ಸುಣ್ಣ ಬಳಿಯುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ಬೂಜುರೋಗ ಬಾರದ್ದನ್ನು ಗಮನಿಸಿದ ಮಿಲ್ಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಅದನ್ನು ಔಷಧಿಯಾಗಿ ಪ್ರಕಟಿಸಿದರು. ವಾರಾಂತ್ಯಕ್ಕೆ ಗಿರಿ ನೋಡಲು ಬಂದು ಕಾರು ನಿಲ್ಲಿಸಿ ನಮ್ಮ ಕಿತ್ತಳೆಗೆ ಕೈಹಾಕುವವರನ್ನು ಕಂಡಾಗ ನನಗೆ ಆ ಫ್ರೆಂಚ್ ರೈತರ ಮೇಲೆ ಪ್ರೀತಿ ಉಕ್ಕುತ್ತದೆ.

ಹಿತ್ತಲಿಗೆ ಹತ್ತು ಲೀಟರ್ ಸಾಕು. 100 ಗ್ರಾಂ ಮೈಲುತುತ್ತವನ್ನು ಐದು ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನೊಂದು ಐದು ಲೀಟರಿನಲ್ಲಿ, ಪ್ಲಾಸ್ಟಿಕ್ ಬಕೆಟ್ಟುಗಳಲ್ಲಿ ಕರಗಿಸಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಹುಯ್ಯುತ್ತ ಕಲಕಿ. ಕಬ್ಬಿಣದ ಚಾಕು ಅದ್ದಿ ತೆಗೆದಾಗ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಮಾಡಿದ ದಿನವೇ ಸಿಂಪಡಿಸಿ ಮುಗಿಸಬೇಕು. ಮೃಗಶಿರೆ ಹುಟ್ಟುವ ಮೊದಲು ಕಿತ್ತಳೆ, ಪ್ಯಾಶನ್ ಫ್ರೂಟ್, ಮೆಣಸಿನ ಬಳ್ಳಿಗೆ ಒಮ್ಮೆ, ಮಳೆ ಬಿಡುವು ಕೊಟ್ಟಾಗ ಇನ್ನೊಮ್ಮೆ.

10. ಗುಡ್ಡದ ಗಿಡ ಗುಡ್ಡದಲ್ಲೇ

ಕುರಿಂಜಿ 2022ರಲ್ಲಿ ಈ ಚಂದ್ರದ್ರೋಣ ಸಾಲನ್ನು ನೀಲಿಯಾಗಿಸಿದಾಗ ಬಹಳ ಜನ ಗಿಡ ಕಿತ್ತುಕೊಂಡು ಹೋದರು. ಹನ್ನೆರಡು ವರ್ಷ ಬೆಳೆದು, ಒಮ್ಮೆ ಹೂ ಬಿಟ್ಟು, ಬೀಜ ಉದುರಿಸಿ ಸಾಯುವ ಗಿಡವನ್ನು ಹೂ ಬಿಟ್ಟಾಗ ಕಿತ್ತರೆ ಕುಂಡದಲ್ಲಿ ಉಳಿಯುವುದು ಕಡ್ಡಿ. ಸೀತಾಳೆದಂಡೆಯನ್ನೂ ಮರ ಹತ್ತಿ ಕೀಳಬೇಕಿಲ್ಲ. ಮರಗಸಿಯಲ್ಲಿ ನೆಲಕ್ಕೆ ಬಿದ್ದ ಕೊಂಬೆಗಳನ್ನು ಸೌದೆಗೆ ಹಾಕುವ ಮೊದಲು ತಿರುಗಿಸಿ ನೋಡಿ, ಅಂಟಿಕೊಂಡ ಗಿಡ ಸಿಕ್ಕರೆ ತೊಗಟೆ ಸಮೇತ ತೆಗೆದು ಹಲಸಿನ ಕಾಂಡಕ್ಕೆ ನಾರಿನಿಂದ ಕಟ್ಟಿ.

11. ಚಿತ್ತೆ ಕಳೆದ ಮೇಲೆ ಎರಡನೇ ತೋಟ

ಅಕ್ಟೋಬರ್ ಕೊನೆಗೆ ಸ್ವಾತಿ ಬರುವ ಹೊತ್ತಿಗೆ ನಿಯಮಗಳೆಲ್ಲ ತಲೆಕೆಳಗು. ಇದುವರೆಗೆ ಎತ್ತರಿಸಿದ ಪಾತಿಯ ನಡುವೆ ಈಗ ತಗ್ಗು ಮಾಡಬೇಕು, ತೆಗೆದಿಟ್ಟಿದ್ದ ದರಗನ್ನು ಈಗ ದಪ್ಪಗೆ ಹೊದಿಸಬೇಕು, ಕಾಲುವೆಯ ಬಾಯಿ ಕಟ್ಟಬೇಕು. ಎಲೆಕೋಸು, ನವಿಲುಕೋಸು, ಬಟಾಣಿ, ಕ್ಯಾರೆಟ್, ಮೂಲಂಗಿ, ಬೀನ್ಸು, ಕೊತ್ತಂಬರಿ ಎಲ್ಲಕ್ಕೂ ಇದು ಕಾಲ. ಹಗಲು ಬಿಸಿಲು, ರಾತ್ರಿ ಇಬ್ಬನಿ. ಡಿಸೆಂಬರಿನ ಕ್ಯಾರೆಟ್ಟಿನ ಸಿಹಿ ಪೇಟೆಯದ್ದಕ್ಕೆ ಬರುವುದಿಲ್ಲ. ಗುಲಾಬಿಯನ್ನು ಸವರುವುದೂ ಈಗಲೇ, ಸೇವಂತಿಗೆಗೆ ಗೂಟ ಕೊಡುವುದೂ ಈಗಲೇ. ಕಾಫಿ ಕೊಯ್ಲು ಶುರುವಾಗಿ ಆಳುಗಳು ಹಿತ್ತಲಿನ ಕಡೆ ತಿರುಗಿಯೂ ನೋಡುವುದಿಲ್ಲವಾದ್ದರಿಂದ ಒಬ್ಬರ ಕೈಯಲ್ಲಿ ಆಗುವಷ್ಟೇ ಹಾಕಿ.

ಇಬ್ಬನಿ ಗಿಡಕ್ಕೆ ನೀರಲ್ಲ. ಅದು ಎಲೆ ಒದ್ದೆ ಮಾಡುತ್ತದೆ, ಬೇರಿಗೆ ಇಳಿಯುವುದಿಲ್ಲ. ಹಗಲು ಒಣ, ರಾತ್ರಿ ತಂಪು ಇರುವ ಈ ಹವೆಯಲ್ಲಿ ಬಟಾಣಿ, ಸೌತೆಯ ಎಲೆಗೆ ಬೂದಿರೋಗ ಬರುತ್ತದೆ. ಅತ್ತೆಯವರು ಹುಳಿಮಜ್ಜಿಗೆ ಚಿಮುಕಿಸುತ್ತಿದ್ದರು. ಬ್ರೆಜಿಲಿನ ವಾಗ್ನರ್ ಬೆಟ್ಟಿಯೊಲ್ ಎಂಬ ವಿಜ್ಞಾನಿ 1999ರಲ್ಲಿ ಕುಂಬಳಜಾತಿಯ ಗಿಡದ ಬೂದಿರೋಗಕ್ಕೆ ಹಾಲುನೀರು ಕೆಲಸ ಮಾಡುತ್ತದೆಂದು ಪ್ರಯೋಗ ಮಾಡಿ ತೋರಿಸಿದ್ದಾರೆ. ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು, ವಾರಕ್ಕೊಮ್ಮೆ, ಬಿಸಿಲಿರುವಾಗ. ರೋಗ ಪೂರ್ತಿ ಹಬ್ಬಿದ ಮೇಲೆ ಹಾಲು ದಂಡ.

ಫೆಬ್ರವರಿಯಿಂದ ಕಾಫಿಯ ಹೂಮಳೆ ಬೀಳುವವರೆಗೆ ಕಷ್ಟಕಾಲ. ಆಗ ಇರುವ ನೀರನ್ನು ಹಣ್ಣಿನ ಎಳೆಗಿಡಗಳಿಗೆ ಕೊಟ್ಟು, ತರಕಾರಿ ಪಾತಿಯನ್ನು ಹರಿವೆ, ಬಸಳೆಗಷ್ಟೇ ಉಳಿಸಿಕೊಳ್ಳುವುದು ಜಾಣತನ.

12. ಬೀಜ ಕೊಡಿ, ಬೀಜ ಕೇಳಿ

ಪ್ಯಾಕೆಟ್ಟಿನ ಹೈಬ್ರಿಡ್ ಸೌತೆ ನಮ್ಮ ಆರಿದ್ರೆಯನ್ನು ತಡೆಯಲಿಲ್ಲ. ತಡೆದದ್ದು ಊರಿನಲ್ಲಿ ಕೈಯಿಂದ ಕೈಗೆ ಬಂದ ಬೀಜ. ಚಪ್ಪರದ ಮೊದಲ ಒಳ್ಳೆಯ ಕಾಯನ್ನು ಬೀಜಕ್ಕೆ ಬಿಡಬೇಕು. ಕೊನೆಗೆ ಉಳಿದ ಸೊಟ್ಟಕಾಯಿಯ ಬೀಜ ಇಟ್ಟರೆ ಮುಂದಿನ ವರ್ಷ ಸೊಟ್ಟಕಾಯಿಯೇ. ತೊಳೆದು ಬೂದಿಯಲ್ಲಿ ಹೊರಳಿಸಿ, ಒಣಗಿಸಿ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಾಗುವಂತೆ ಇಡುವುದು ಹಳೇ ಕ್ರಮ. ಗ್ಯಾಸ್ ಒಲೆಯವರಿಗೆ ಬಿಗಿಮುಚ್ಚಳದ ಡಬ್ಬಿ, ಒಳಗೊಂದು ಹಿಡಿ ಹುರಿದ ಅಕ್ಕಿ, ತೇವ ಎಳೆದುಕೊಳ್ಳಲು. ಬೀಜ ಉಳಿಸುವ ಹೆಂಗಸರು ಒಟ್ಟಾಗಿ ಕೆಲಸ ಮಾಡುವುದು ಹೇಗೆಂದು ನೋಡಬೇಕಾದರೆ ಶಿರಸಿಯ ವನಸ್ತ್ರೀ ಬಳಗ ಇದೆ. ನಮ್ಮಲ್ಲಿ ಅಂಥ ಸಂಘವಿಲ್ಲ. ಕೊಯ್ಲಿಗೆ ಬಂದು ಲೈನ್ ಮನೆಯಲ್ಲಿ ಉಳಿಯುವ ಹೆಂಗಸರು ತಮ್ಮ ಊರಿನ ಅವರೆ, ಸೊಪ್ಪಿನ ಬೀಜ ಸೆರಗಿನಲ್ಲಿ ಗಂಟು ಕಟ್ಟಿ ತರುತ್ತಾರೆ; ನನ್ನ ಹಿತ್ತಲಿನ ಒಳ್ಳೆಯ ಅವರೆಗಳೆಲ್ಲ ಹಾಗೆ ಬಂದವು.

ಸೆಪ್ಟೆಂಬರಿನಲ್ಲಿ ಡೇರೆ ತುಂಬಿ ನಿಂತಾಗ ಗೆಡ್ಡೆ ಕೇಳುವವರು ಬಹಳ. ಆಗ ಕಿತ್ತುಕೊಟ್ಟರೆ ಗಿಡವೂ ಇಲ್ಲ, ಗೆಡ್ಡೆಯೂ ಇಲ್ಲ. ಬಣ್ಣ ನೋಡಿ, ಹೆಸರು ಬರೆಸಿಟ್ಟು ಹೋಗಿ. ಗೆಡ್ಡೆ ಬಿಡಿಸುವುದು ಫೆಬ್ರವರಿಯಲ್ಲಿ, ಆಗ ಬನ್ನಿ. ಬರುವಾಗ ನಿಮ್ಮ ಕಡೆಯ ಯಾವುದಾದರೂ ಬೀಜ ತನ್ನಿ. ಹಳೇ ಜಾತಿಯ ಮೊಗೆಕಾಯಿಯದ್ದಾದರೆ ಎರಡು ಗೆಡ್ಡೆ ಹೆಚ್ಚು ಕೊಡುತ್ತೇನೆ.